ಶೈಲಿಗೆ ಬೇಲಿ ಹಾಕಬೇಡಿ, ಹೆಸರನ್ನು ನುಂಗಬೇಡಿ

ಯಾರದೋ ಧಾಟಿಯಲ್ಲಿ ಹಾಡುವುದು ಕಳ್ಳತನವಲ್ಲ. ಯಾರದೋ ಹೆಜ್ಜೆ ನೋಡಿ ಕುಣಿಯುವುದೂ ಕಳ್ಳತನವಲ್ಲ. ಇಷ್ಟು ಸರಳ ಮಾತನ್ನು ಈಗ ಕೂಗಿ ಹೇಳಬೇಕಾಗಿದೆ. ಯಾಕೆಂದರೆ 'ಕಾಪಿರೈಟ್' ಅನ್ನುವ ಪದ ನಮ್ಮ ಊರಿನ ಜಾತ್ರೆ ಸ್ಟೇಜಿನವರೆಗೂ ಬಂದು ಕೂತಿದೆ.

ಶಿಕಾರಿಪುರ, ಸೊರಬ ಕಡೆ ಯಾವ ರಸಮಂಜರಿಗೆ ಹೋದರೂ ಒಬ್ಬ ಜೂನಿಯರ್ ರಾಜ್‌ಕುಮಾರ್, ಒಬ್ಬ ಜೂನಿಯರ್ ವಿಷ್ಣುವರ್ಧನ್ ಇದ್ದೇ ಇರುತ್ತಾರೆ. ಹುಡುಗರು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾರೆ. 'ಕ್ಲೈಮ್ ಬಂತು' ಎಂದು ಮರುದಿನ ಗಾಬರಿ. ಊರಲ್ಲಿ ಸುದ್ದಿ ಬೇರೆಯೇ ಆಗುತ್ತದೆ: 'ಅಣ್ಣಾವ್ರ ಥರ ಆಕ್ಟ್ ಮಾಡಿದ್ರೆ ಕೇಸ್ ಹಾಕ್ತಾರಂತೆ.'

ಹಾಗಲ್ಲ ಮಾರಾಯ್ರೇ. ಕ್ಲೈಮ್ ಬರುವುದು ಹಾಡಿಗೆ. ಆ ಹಾಡಿನ ಟ್ಯೂನು, ಸಾಹಿತ್ಯ, ರೆಕಾರ್ಡಿಂಗು ಒಬ್ಬರ ಸ್ವತ್ತು. ಅಣ್ಣಾವ್ರು ಕೈ ಮುಗಿಯುತ್ತಿದ್ದ ರೀತಿಗೆ, ವಿಷ್ಣು ಕಡಗ ತಿರುಗಿಸುತ್ತಿದ್ದ ರೀತಿಗೆ ಕಾಪಿರೈಟ್ ಕಾಯ್ದೆಯಲ್ಲಿ ಬೀಗವಿಲ್ಲ. ಬೀಗ ಇರಲೂ ಬಾರದು.

ನನ್ನ ವಾದ ಎರಡೇ ಮಾತು. ಒಂದು, ಶೈಲಿ ಅನ್ನುವುದು ಊರ ಬಾವಿ ಇದ್ದ ಹಾಗೆ, ಅದಕ್ಕೆ ಬೇಲಿ ಹಾಕಬೇಡಿ. ಎರಡು, ಆ ಬಾವಿ ತೋಡಿದವರ ಹೆಸರನ್ನು ನುಂಗಬೇಡಿ. ಈ ಎರಡರಲ್ಲಿ ಮೊದಲನೆಯದನ್ನು ಕೋರ್ಟುಗಳು ಆಗಾಗ ಮರೆಯುತ್ತವೆ. ಎರಡನೆಯದನ್ನು 'ಗೌರವ ಸಲ್ಲಿಕೆ' ಅನ್ನುವವರು ಬೇಕೆಂದೇ ಮರೆಯುತ್ತಾರೆ.

ನಮ್ಮ ತಾಲ್ಲೂಕಿನ ಹಳೇ ಕಾನೂನು

ಇದು ಹೊಸ ಮಾತೇನಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು, ಉಡುತಡಿ ಅಕ್ಕಮಹಾದೇವಿಯ ಊರು. ಹನ್ನೆರಡನೇ ಶತಮಾನದ ಈ ಜನ ಬರೆದದ್ದು ಒಂದೇ ಬಗೆಯ ವಚನ. ಒಬ್ಬರ ಧಾಟಿ ಇನ್ನೊಬ್ಬರಿಗೆ ದಾಟಿದೆ, ಒಬ್ಬರ ಉಪಮೆ ಇನ್ನೊಬ್ಬರಲ್ಲಿ ಬೆಳೆದಿದೆ. ಯಾರೂ ಯಾರನ್ನೂ 'ನನ್ನ ಶೈಲಿ ಕದ್ದೆ' ಎಂದು ಹಿಡಿದು ನಿಲ್ಲಿಸಲಿಲ್ಲ.

ಆದರೆ ಅಂಕಿತ ಮಾತ್ರ ಬೇರೆ ಬೇರೆ. ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಬಸವಣ್ಣನದು ಕೂಡಲಸಂಗಮದೇವ. ರೂಪ ಎಲ್ಲರದು, ಸಹಿ ಅವರವರದು. ಬರೆದು ಪಾಸು ಮಾಡದ ಕಾಪಿರೈಟ್ ಕಾಯ್ದೆ ಅಂದರೆ ಇದೇ.

ಅಂಕಿತ ಮುಟ್ಟಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಜಾಗದಲ್ಲಿ ಲಿಂಗದೇವ ಎಂದು ಹಾಕಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕ ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಅದು ಕಾಪಿರೈಟ್ ಮೊಕದ್ದಮೆಯಲ್ಲ, ಜನರ ಧಾರ್ಮಿಕ ಭಾವನೆಯ ವಿಷಯ. ಪುಸ್ತಕ ನಿಷೇಧಿಸುವುದು ಸರಿಯೇ ಅನ್ನುವುದು ಬೇರೆ ಚರ್ಚೆ. ನಾನು ಹೇಳುವುದು ಇಷ್ಟೇ: ವಚನದ ಶೈಲಿಯಲ್ಲಿ ಇವತ್ತಿಗೂ ನೂರಾರು ಜನ ಆಧುನಿಕ ವಚನ ಬರೆಯುತ್ತಾರೆ, ಯಾರೂ ಜಗಳಕ್ಕೆ ಬರುವುದಿಲ್ಲ. ಜಗಳ ಆದದ್ದು ಸಹಿ ಬದಲಾದಾಗ.

ಡಿವಿಜಿಯವರ ಕಗ್ಗವನ್ನೇ ನೋಡಿ. 1943ರಲ್ಲಿ ಬಂದ ಪುಸ್ತಕ. ಅದೇ ನಾಲ್ಕು ಸಾಲಿನ ಅಳತೆಯಲ್ಲಿ, ಕೊನೆಗೊಂದು ಅಂಕಿತ ಇಟ್ಟು ಬರೆದವರು ಎಷ್ಟೋ ಜನ. ಅವರೆಲ್ಲ ಕಳ್ಳರೇ? ಅಲ್ಲ, ಅವರು ಡಿವಿಜಿಯ ಶಿಷ್ಯರು. ಮಂಕುತಿಮ್ಮ ಎಂಬ ಹೆಸರಿಟ್ಟೇ ಬರೆದು 'ಇದು ಡಿವಿಜಿಯವರದು' ಎಂದು ಹಂಚಿದರೆ ಅದು ಮೋಸ. ವಾಟ್ಸಾಪಿನಲ್ಲಿ ಆ ಮೋಸ ದಿನಾ ನಡೆಯುತ್ತದೆ, ಅದಕ್ಕೆ ಮಾತ್ರ ಯಾರಿಗೂ ಸಿಟ್ಟಿಲ್ಲ!

ಕಾಯ್ದೆ ಏನು ಹೇಳುತ್ತದೆ

1957ರ ನಮ್ಮ ಕಾಪಿರೈಟ್ ಕಾಯ್ದೆ ರಕ್ಷಣೆ ಕೊಡುವುದು ಕೃತಿಗೆ. ಯೋಚನೆಗಲ್ಲ, ಕಥಾವಸ್ತುವಿಗಲ್ಲ, ಧಾಟಿಗಲ್ಲ. 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ತನ್ನ ನಾಟಕ ಕದ್ದು ಸಿನಿಮಾ ಮಾಡಿದ್ದಾರೆ ಎಂಬುದು ಅವರ ದೂರು. ವಿಷಯ ಒಂದೇ ಆಗಿರಬಹುದು, ಕಟ್ಟಿದ ರೀತಿ ಬೇರೆಯಾದರೆ ಅದು ನಕಲಲ್ಲ ಎಂದಿತು ಕೋರ್ಟು.

ಕುಣಿತಕ್ಕೂ ರಕ್ಷಣೆ ಇದೆ. ಆದರೆ ಆ ಸಂಯೋಜನೆ ಬರಹದಲ್ಲೋ ಇನ್ನೊಂದು ರೀತಿಯಲ್ಲೋ ದಾಖಲಾಗಿರಬೇಕು. ಕಾಲಿಂದ ಕಾಲಿಗೆ ದಾಟಿದ ಹೆಜ್ಜೆ ಯಾರ ಕಡತದಲ್ಲೂ ಇಲ್ಲ.

ಹಾಗಿಲ್ಲದಿದ್ದರೆ ನಮ್ಮ ಕಡೆ ಕಲೆ ಉಳಿಯುತ್ತಲೇ ಇರಲಿಲ್ಲ. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ಅವರ ಭಾಗವತಿಕೆಯ ಧಾಟಿ ಅವರ ಜೊತೆ ಹೋಗಲಿಲ್ಲ. ಬಡಗಿನ ಒಂದು ತಲೆಮಾರೇ ಆ ಧಾಟಿ ಹಿಡಿದು ಹಾಡಿತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ಹೋದರು. 'ಚಿಟ್ಟಾಣಿ ಹೆಜ್ಜೆ' ಇವತ್ತಿನ ರಾತ್ರಿಯೂ ಯಾವುದೋ ಬಯಲಿನಲ್ಲಿ ಬೀಳುತ್ತಿರುತ್ತದೆ. ನೋಡುವವರೂ 'ಹೋ, ಚಿಟ್ಟಾಣಿ ಕಂಡ್ರು' ಅನ್ನುತ್ತಾರೆ. ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಗೌರವ ಸಲ್ಲಿಕೆ ಅಂದರೆ ಇದು.

ಸೊರಬ, ಸಾಗರದ ಗುಡಿಗಾರರ ಮನೆಗಳಲ್ಲೂ ಇದೇ ಪಾಠ. ಮಗ ಅಪ್ಪನ ಉಳಿಪೆಟ್ಟು ನೋಡಿ ಶ್ರೀಗಂಧದ ಗಣಪತಿ ಕೆತ್ತುತ್ತಾನೆ. ಮೊದಲ ಹತ್ತು ವರ್ಷ ಅದು ಅಪ್ಪನ ಗಣಪತಿಯೇ. ಆಮೇಲೆ ನಿಧಾನವಾಗಿ ಮಗನದಾಗುತ್ತದೆ. ಅನುಕರಣೆ ಬೇಡ ಎಂದರೆ ಕಲಿಯುವ ದಾರಿಯನ್ನೇ ಮುಚ್ಚಿದ ಹಾಗೆ.

ಕಾರಂತರ ಬ್ಯಾಲೆ ಕೋರ್ಟಿಗೆ ಹೋದ ಕಥೆ

ಈಗ ನಮ್ಮದೇ ರಾಜ್ಯದ ದೊಡ್ಡ ಮೊಕದ್ದಮೆಗೆ ಬರೋಣ. ಕಲೆಯ ಮೇಲೆ ಪ್ರೀತಿ ಇರುವ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು.

ಶಿವರಾಮ ಕಾರಂತರು ಯಕ್ಷಗಾನವನ್ನು ಜೀವಮಾನವಿಡೀ ಅಗೆದು ನೋಡಿದವರು. 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೆ ಯಕ್ಷಗಾನವನ್ನು ಬ್ಯಾಲೆಯಾಗಿ ತಿರುಗಿಸಿದರು. ರಾತ್ರಿಯಿಡೀ ನಡೆಯುವ ಆಟ ಚಿಕ್ಕದಾಯಿತು, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಬಂತು. ಭೀಷ್ಮ ವಿಜಯ, ನಳ ದಮಯಂತಿ, ಅಭಿಮನ್ಯು ವಧೆ, ಪಂಚವಟಿ ಹೀಗೆ ಏಳು ಪ್ರಸಂಗಗಳನ್ನು ಈ ರೀತಿಯಲ್ಲಿ ಕಟ್ಟಿದರು.

1994ರಲ್ಲಿ ಕಾರಂತರು ಉಯಿಲು ಬರೆದರು. 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಉಯಿಲಿನ ಪ್ರಕಾರ ಹಕ್ಕು ಬಂದದ್ದು ಬಹಳ ಕಾಲ ಅವರ ಬರವಣಿಗೆಗೆ ನೆರವಾಗಿದ್ದ ಮಾಲಿನಿ ಮಲ್ಯ ಅವರಿಗೆ. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿತು. ಇದು ಕಾರಂತರೇ ದುಡಿದ ಯಕ್ಷಗಾನ ಕೇಂದ್ರದ ಸಂಸ್ಥೆ. ಅನುಮತಿ ಕೇಳಲಿಲ್ಲ ಎಂದು ಮಲ್ಯ ಅವರು ಉಡುಪಿ ಕೋರ್ಟಿಗೆ ಹೋದರು. ನಮ್ಮ ಕೇಂದ್ರದ ಹಣ, ನಮ್ಮ ಕಲಾವಿದರು, ಅಲ್ಲೇ ರೂಪುಗೊಂಡ ಕೆಲಸ ಎಂದು ಸಂಸ್ಥೆ ವಾದಿಸಿತು. ಕೆಳಗಿನ ಕೋರ್ಟು ಮಲ್ಯ ಅವರ ಪರ, ಹೈಕೋರ್ಟೂ ಅವರ ಪರ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅವರ ಹಕ್ಕನ್ನು ಒಪ್ಪಿತು.

ಮಲ್ಯ ಅವರ ಮೇಲೆ ನನಗೆ ತಕರಾರಿಲ್ಲ. ಉಯಿಲಿನಲ್ಲಿ ಬಂದದ್ದನ್ನು ಕೇಳಿದರು, ಕಾನೂನು ಕೊಟ್ಟಿತು. ಕೇಳದೆ ಆಡಿಸಿದ್ದೂ ತಪ್ಪೇ. ತಕರಾರು ಇರುವುದು ತಡೆಯಾಜ್ಞೆಯ ಒಂದು ಮಾತಿನ ಮೇಲೆ. ಆ ಏಳು ಪ್ರಸಂಗಗಳನ್ನು ಕಾರಂತರು ವಿಶಿಷ್ಟವಾಗಿ ರೂಪಿಸಿದ ರೀತಿಯಲ್ಲಿ ಆಡಬಾರದು ಎಂಬ ಅರ್ಥದ ಮಾತು ಅದು.

ಕಾರಂತರ ರಂಗಪಠ್ಯ ಅವರದು, ಸರಿ. ಆದರೆ 'ರೀತಿ' ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಅಭಿಮನ್ಯುವಿನ ಕಥೆ ಮಹಾಭಾರತದ್ದು. ತಾಳ, ಕುಣಿತ, ಕಿರೀಟ, ಎಷ್ಟೋ ಶತಮಾನ ಹೆಸರಿಲ್ಲದೆ ಕುಣಿದವರದು. ಕಾರಂತರು ಅವರಿಂದ ಬೇಕಾದ್ದನ್ನು ಆರಿಸಿಕೊಂಡರು. ಯಾರ ಅನುಮತಿಯೂ ಬೇಕಾಗಿರಲಿಲ್ಲ, ಬೇಕಾಗಲೂ ಬಾರದು. ಕಾರಂತರಿಗೆ ಇದ್ದ ಆ ಸ್ವಾತಂತ್ರ್ಯ ಅವರ ಕಲಾವಿದರಿಗೆ ಯಾಕಿಲ್ಲ? ವರ್ಷಗಟ್ಟಲೆ ಆ ರೀತಿಯಲ್ಲೇ ಕುಣಿದ ಕಲಾವಿದನ ಮೈಯಿಂದ ಅದನ್ನು ಕಳಚಿ ಇಡಲು ಆಗುತ್ತದೆಯೇ?

ಲೇಖಕ ಸತ್ತ ಮೇಲೆ ಹಕ್ಕು 60 ವರ್ಷ ಇರುತ್ತದೆ. ಕಾರಂತರದು 2057ರ ಕೊನೆಯವರೆಗೆ. ಪುಸ್ತಕವಾದರೆ ಕಪಾಟಿನಲ್ಲಿ ಕಾಯಬಹುದು. ಕುಣಿತ ಕಾಯುವುದಿಲ್ಲ. ಕುಣಿಯದೆ 60 ವರ್ಷ ಬಿಟ್ಟರೆ ಬಿಡಿಸಿಕೊಳ್ಳಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಸುಪ್ರೀಂ ಕೋರ್ಟ್ ಒಂದು ಕಿಟಕಿ ತೆರೆದಿಟ್ಟಿತು, ಅದಕ್ಕೆ ಕೃತಜ್ಞತೆ ಇರಲಿ. ಕಾಯ್ದೆಯ 52ನೇ ಸೆಕ್ಷನ್ನಿನ ವಿನಾಯಿತಿಗಳು ಇಲ್ಲಿಗೂ ಅನ್ವಯ ಎಂದಿತು. ಶಾಲೆ ಕಾಲೇಜಿನ ಸಿಬ್ಬಂದಿ, ವಿದ್ಯಾರ್ಥಿಗಳು ತಮ್ಮವರ ಮುಂದೆ, ಪೋಷಕರ ಮುಂದೆ ಆಡಬಹುದು. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಬಹುದು, ಅಥವಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಬಹುದು. ನಮ್ಮ ಊರಿನ ನಾಟಕ ಸಂಘದವರು ಈ ಸಾಲು ನೆನಪಿಟ್ಟುಕೊಳ್ಳಿ. ಜಾತ್ರೆಗೆ ದೇವರ ಹೆಸರಲ್ಲಿ ನಾಟಕ ಆಡುವವರಿಗೆ ಕಾಯ್ದೆ ಶತ್ರುವಲ್ಲ. ಮದುವೆ ದಿಬ್ಬಣದ ಹಾಡಿಗೂ ಇದೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ದುಡ್ಡು ತೆಗೆದುಕೊಂಡು ನಡೆಸುವ ಕಂಪನಿ ಶೋ, ಆರ್ಕೆಸ್ಟ್ರಾಗೆ ಲೆಕ್ಕ ಬೇರೆ.

'ಪಾಲಿಸುವವರು ಬೇಡವೇ?'

ಇದಕ್ಕೆ ಎದುರು ವಾದ ಇದೆ, ಅದು ಹಗುರವಾದದ್ದಲ್ಲ. 'ಹಕ್ಕು ಬಿಗಿ ಇಲ್ಲದಿದ್ದರೆ ಯಾರು ಬೇಕಾದರೂ ಕಾರಂತರ ಹೆಸರಲ್ಲಿ ಕಳಪೆ ಕುಣಿತ ಮಾಡುತ್ತಾರೆ. ವಾರಸುದಾರರು ಕಾವಲು ಇರಬೇಕು' ಅನ್ನುತ್ತಾರೆ.

ಕಳಪೆ ಕುಣಿತಕ್ಕೆ ಔಷಧ ತಡೆಯಾಜ್ಞೆಯಲ್ಲ, ಒಳ್ಳೆಯ ಕುಣಿತ. ಕೆಟ್ಟದಾಗಿ ಹಾಡಿದ ಭಾಗವತನನ್ನು ಪ್ರೇಕ್ಷಕರೇ ಎದ್ದು ಹೋಗಿ ಸರಿಮಾಡುತ್ತಾರೆ. ಕೃತಿಯನ್ನು ವಿಕಾರ ಮಾಡಿ ಕರ್ತೃವಿನ ಮಾನ ಕಳೆದರೆ 57ನೇ ಸೆಕ್ಷನ್ ಇದೆ. ಹೆಸರು ಹಾಕಿಸಿಕೊಳ್ಳುವ ಹಕ್ಕೂ ಅದರಲ್ಲೇ ಇದೆ. ಹಣ ಬಂದಿದ್ದರೆ ಪಾಲು ಕೇಳಿ, ಹೆಸರು ಬಿಟ್ಟಿದ್ದರೆ ಹಾಕಿಸಿ. ಆಟವನ್ನೇ ನಿಲ್ಲಿಸುವುದು ಕೊನೆಯ ಅಸ್ತ್ರವಾಗಬೇಕು, ಮೊದಲನೆಯದಲ್ಲ.

'ಗೌರವ' ಎಂಬ ಕಂಬಳಿ

ಇನ್ನು ಎರಡನೇ ಮಾತು. ಶೈಲಿಗೆ ಬೇಲಿ ಬೇಡ ಎಂದ ಮಾತ್ರಕ್ಕೆ ಎಲ್ಲ ನಕಲಿಗೂ 'ಗೌರವ' ಎಂಬ ಕಂಬಳಿ ಹೊದಿಸಬೇಡಿ.

'ಕಾಂತಾರ'ದ 'ವರಾಹ ರೂಪಂ' ಗಲಾಟೆ ನೆನಪಿದೆಯಲ್ಲ. 2022ರಲ್ಲಿ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಇದು ತಮ್ಮ 'ನವರಸಂ' ಹಾಡಿನ ನಕಲು ಎಂದಿತು. ರಾಗ ಒಂದೇ ಆದ್ದರಿಂದ ಹೋಲಿಕೆ ಬಂದಿದೆ ಎಂದರು ಸಿನಿಮಾದವರು. ಕೋಯಿಕ್ಕೋಡ್ ಕೋರ್ಟ್ ತಡೆ ಕೊಟ್ಟಿತು, ಸಿನಿಮಾ ಮೊದಲು ಒಟಿಟಿಗೆ ಬಂದಾಗ ಬೇರೆ ಟ್ಯೂನಿನಲ್ಲಿ ಬಂತು. ಕೇಸಿನ ಏಳುಬೀಳು ಬೇರೆ ಕಥೆ. ನಮಗೆ ಬೇಕಾದ ಪಾಠ ಇದು: ರಾಗ ಯಾರ ಸ್ವತ್ತೂ ಅಲ್ಲ, ಆ ರಾಗದಲ್ಲಿ ಕಟ್ಟಿದ ಹಾಡು ಒಬ್ಬರ ಸ್ವತ್ತು. ಗೆರೆ ತೆಳ್ಳಗಿದೆ, ಆದರೆ ಇದೆ.

ತೀರಿಹೋದವರ ಧ್ವನಿಯ ವಿಷಯವೂ ಹಾಗೇ. 2024ರಲ್ಲಿ ಎ.ಆರ್. ರೆಹಮಾನ್ 'ಲಾಲ್ ಸಲಾಂ' ಚಿತ್ರಕ್ಕೆ ಇಬ್ಬರು ದಿವಂಗತ ಗಾಯಕರ ಧ್ವನಿಯನ್ನು ಎಐಯಿಂದ ಮರುಸೃಷ್ಟಿಸಿದರು. ಮೊದಲು ಕುಟುಂಬದವರ ಅನುಮತಿ ಕೇಳಿದರು, ಹಣ ಕೊಟ್ಟರು. ಅದೇ ವರ್ಷ ಎಸ್‌ಪಿಬಿ ಧ್ವನಿಯನ್ನು ಎಐಯಿಂದ ಬಳಸಿದ್ದಾರೆ ಎಂದು ಅವರ ಮಗ ಚರಣ್ 'ಕೀಡಾ ಕೋಲಾ' ಎಂಬ ತೆಲುಗು ಚಿತ್ರದವರಿಗೆ ನೋಟಿಸ್ ಕೊಟ್ಟರು. ತಮ್ಮನ್ನು ಕೇಳಲೇ ಇಲ್ಲ ಎಂಬುದು ಅವರ ದೂರು. ತಂತ್ರಜ್ಞಾನ ಒಂದೇ. ಒಂದು ಕಡೆ ಬಾಗಿಲು ತಟ್ಟಿದರು, ಇನ್ನೊಂದು ಕಡೆ ತಟ್ಟಲಿಲ್ಲ ಎಂಬುದು ಜಗಳ.

ಆರ್ಕೆಸ್ಟ್ರಾದ ಹುಡುಗ ಎಸ್‌ಪಿಬಿ ಥರ ಹಾಡಿದರೆ ನಾವು ಚಪ್ಪಾಳೆ ಹೊಡೆಯುತ್ತೇವೆ. ಮಷೀನು ಹಾಡಿದರೆ ಯಾಕೆ ಬೇಡ? ಹುಡುಗ ಹತ್ತು ವರ್ಷ ಗಂಟಲು ಸವೆಸಿದ್ದಾನೆ, 'ಎಸ್‌ಪಿಬಿ ಸರ್ ಅವರ ಹಾಡು' ಎಂದು ಹೇಳಿಯೇ ಶುರುಮಾಡುತ್ತಾನೆ, ಕೇಳುವವರಿಗೂ ಅದು ಹುಡುಗನೆಂದು ಗೊತ್ತು. ಮಷೀನಿಗೆ ಉಣ್ಣಿಸಿದ್ದು ಎಸ್‌ಪಿಬಿಯ ಧಾಟಿಯನ್ನಲ್ಲ, ಅವರ ಧ್ವನಿಮುದ್ರಣಗಳನ್ನೇ. 2025ರ ಮಾರ್ಚ್‌ನಲ್ಲಿ ನಾವೆಲ್ಲ ವಾಟ್ಸಾಪ್ ಡಿಪಿಗೆ 'ಘಿಬ್ಲಿ' ಚಿತ್ರ ಹಾಕಿಕೊಂಡೆವಲ್ಲ, ಅಲ್ಲೂ ಇದೇ ಪ್ರಶ್ನೆ. ಮಿಯಾಝಾಕಿಯವರ ಶೈಲಿಯಲ್ಲಿ ಒಬ್ಬ ಹುಡುಗಿ ಕೂತು ಬಿಡಿಸಿದರೆ ಅದು ಕಲಿಕೆ. ಕಂಪನಿಯೊಂದು ಅವರ ಚಿತ್ರಗಳನ್ನೇ ಮಷೀನಿಗೆ ತುಂಬಿ ಮಾರಿದರೆ ಅದು ವ್ಯಾಪಾರ. ವ್ಯಾಪಾರಕ್ಕೆ ಲೆಕ್ಕ ಕೊಡಲೇಬೇಕು.

ಸುದ್ದಿ ಬರೆಯುವ ನಮ್ಮಂಥವರಿಗೂ ಇದು ದೂರದ ವಿಷಯವಲ್ಲ. ತಮ್ಮ ಸುದ್ದಿಗಳನ್ನು ಕೇಳದೆ ಬಳಸಿದ್ದಾರೆ ಎಂದು ಎಎನ್‌ಐ ಸಂಸ್ಥೆ ಓಪನ್‌ಎಐ ಮೇಲೆ 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿದೆ. ದೊಡ್ಡವರು ಕೋರ್ಟಿಗೆ ಹೋಗುತ್ತಾರೆ. ತಾಲ್ಲೂಕಿನಿಂದ ಸುದ್ದಿ ಕಳಿಸುವ ನಾವು ಬಸ್ಸು ಹತ್ತಿ ಹೋಗಿ ತಂದ ವರದಿ ಇನ್ನೊಬ್ಬರ ಹೆಸರಲ್ಲಿ ಅಚ್ಚಾದಾಗ ಸುಮ್ಮನಿರುತ್ತೇವೆ. ನನಗೂ ಹಾಗಾಗಿದೆ, ಒಂದಲ್ಲ, ಹಲವು ಸಲ. ಹೆಸರು ಕಳೆದುಕೊಳ್ಳುವುದು ಹೇಗಿರುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಗೋಡೆ ಮೇಲಿನ ಚಿತ್ತಾರ ಯಾರದು?

ಕೊನೆಗೆ ನಮ್ಮ ಮನೆ ಗೋಡೆಗೇ ಬರೋಣ. ಸೊರಬ, ಸಾಗರ, ಶಿಕಾರಿಪುರ ಕಡೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದು ಮಾಡಿದ ಬಿಳಿ, ಅಕ್ಕಿ ಹುರಿದು ಸುಟ್ಟು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಗೆ ಹಸೆ ಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಗೆರೆ ಎಷ್ಟು ನೇರ ಅಂದರೆ ಸ್ಕೇಲು ಇಟ್ಟು ಎಳೆದ ಹಾಗೆ.

ಈ ಚಿತ್ತಾರಕ್ಕೆ ಕರ್ತೃ ಎಂದು ಒಬ್ಬರ ಹೆಸರಿಲ್ಲ. ಆದ್ದರಿಂದ ಕಾಯ್ದೆಯ ಪ್ರಕಾರ ಮಾಲೀಕರೂ ಇಲ್ಲ. ಪಟ್ಟಣದವರು ಅದೇ ಗೆರೆಯನ್ನು ಸೀರೆ ಅಂಚಿಗೆ, ಹೋಟೆಲ್ ಗೋಡೆಗೆ, ಕಪ್ಪಿನ ಮೇಲೆ ಹಾಕಿ 'ಟ್ರೈಬಲ್ ಆರ್ಟ್' ಎಂದು ಮಾರಿದರೆ ಕೇಳುವವರಿಲ್ಲ. ದೊಡ್ಡ ಸಾಹಿತಿಯ 'ರೀತಿ'ಗೆ ಸುಪ್ರೀಂ ಕೋರ್ಟಿನವರೆಗೂ ಕಾವಲು, ನಮ್ಮ ಅಜ್ಜಿಯ ರೀತಿಗೆ ಒಂದು ಸಾಲಿನ ಹೆಸರೂ ಇಲ್ಲ. ಉಯಿಲು ಬರೆಯಲು ಗೊತ್ತಿದ್ದವರಿಗೆ ಹಕ್ಕು, ಅಕ್ಕಿ ಅರೆದವರಿಗೆ ಬರೀ ಹೊಗಳಿಕೆ. ಇದು ನ್ಯಾಯವೇ?

ಹಾಗಂತ ಚಿತ್ತಾರಕ್ಕೂ ಬೇಲಿ ಹಾಕಿ ಎನ್ನುವುದಿಲ್ಲ. ಬೇರೆ ಜಾತಿಯ ಹುಡುಗಿ ಕಲಿಯಲಿ, ಬೆಂಗಳೂರಿನವರೂ ಬಿಡಿಸಲಿ. ಹೆಸರು ಮಾತ್ರ ಇರಲಿ: 'ದೀವರ ಹಸೆ ಚಿತ್ತಾರ, ಮಲೆನಾಡು' ಎಂದು. ಬಿಡಿಸಿದ ಕೈಗೆ ಕೂಲಿಯಲ್ಲ, ಪಾಲು ಸಿಗಲಿ.

ಆಗದ ಕೆಲಸವೇನಲ್ಲ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಶೋನಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ತೋರಿಸಿತು, ಹೆಸರು ಹೇಳಲಿಲ್ಲ. ಆ ಚಪ್ಪಲಿಯ ಜಿಐ ಮಾನ್ಯತೆ ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಇದೆ. ಜನ ಮೊಬೈಲಿನಲ್ಲೇ ಗದ್ದಲ ಎಬ್ಬಿಸಿದರು. ಕಂಪನಿ ಒಪ್ಪಿಕೊಂಡಿತು. ವರ್ಷದ ಕೊನೆಗೆ ಮಹಾರಾಷ್ಟ್ರದ ನಿಗಮ ಮತ್ತು ನಮ್ಮ ಲಿಡ್ಕರ್ ಜೊತೆ ಒಪ್ಪಂದಕ್ಕೂ ಬಂತು. ಚಪ್ಪಲಿ ಹೊಲಿಯುವವರಿಗೆ ಸಿಕ್ಕ ಮರ್ಯಾದೆ ಗೋಡೆ ಬರೆಯುವವರಿಗೆ ಯಾಕೆ ಸಿಗಬಾರದು?

ಆಗಬೇಕಾದ್ದು ಇಷ್ಟು

ಜಾತ್ರೆ ಕಮಿಟಿಯವರೇ, ಪಾಂಪ್ಲೆಟ್ಟಿನಲ್ಲಿ ದಾನಿಗಳ ಫೋಟೋ ಜೊತೆ ನಾಟಕ ಬರೆದವರ ಹೆಸರನ್ನೂ ಹಾಕಿ. ಬದುಕಿದ್ದರೆ ಒಂದು ಫೋನ್ ಮಾಡಿ ಕೇಳಿ.

ಕಲಾವಿದರೇ, ಯಾರ ಧಾಟಿಯನ್ನು ಹಿಡಿದಿದ್ದೀರೋ ಅವರ ಹೆಸರು ಹೇಳಿ ಶುರುಮಾಡಿ. ಹೇಳಿದರೆ ನೀವು ಚಿಕ್ಕವರಾಗುವುದಿಲ್ಲ.

ವಾರಸುದಾರರೇ, ಪಾಲು ಕೇಳಿ, ಹೆಸರು ಕೇಳಿ. ಆದರೆ ಕುಣಿಯುವ ಕಾಲನ್ನು ಕಟ್ಟಬೇಡಿ.

ಸರ್ಕಾರ ಮತ್ತು ಅಕಾಡೆಮಿಯವರೇ, ಚಿತ್ತಾರ ಬರೆಯುವ ಹೆಣ್ಣುಮಕ್ಕಳ ಹೆಸರು, ಊರು ಬರೆದಿಡಿ. ಸರ್ಕಾರಿ ಕಟ್ಟಡದ ಗೋಡೆಗೆ ಆ ವಿನ್ಯಾಸ ಹಾಕಿಸುವಾಗ ಗುತ್ತಿಗೆದಾರನ ಪೇಂಟರ್ ಕೈಲಿ ಹಾಕಿಸದೆ ಅವರನ್ನೇ ಕರೆಯಿರಿ.

ಓದುವ ನಿಮಗೂ ಒಂದು ಮಾತು. ಮುಂದಿನ ಸಲ ಚಿತ್ತಾರದ ಫೋಟೋ, ಭಾಗವತಿಕೆಯ ವಿಡಿಯೋ, ಯಾರದೋ ಕವಿತೆ ಫಾರ್ವರ್ಡ್ ಮಾಡುವ ಮೊದಲು ಕೆಳಗೆ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಕಳಿಸಿದವರನ್ನು 'ಇದು ಯಾರದು?' ಎಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಅವರಿಗೆ ಕಳಿಸಿದವರನ್ನು ಕೇಳಲು ಹೇಳಿ.